ಸಾಲಿ ಓಣಿಗೆ ಹೊಳೆ ಬಂದ ವರ್ಷ

ನಾನು ಆ ಊರಿನ ಹೈಸ್ಕೂಲಿಗೆ ಗ್ರಂಥಪಾಲಕಿಯಾಗಿ ಹೋದ ವರ್ಷ ಹೊಳೆ ಅಕ್ಕಸಾಲಿಗರ ಓಣಿಯಲ್ಲಿ ಹರಿಯುತ್ತಿತ್ತು. ಬಸ್ಸಿಳಿದು ಶಾಲೆಗೆ ದಾರಿ ಕೇಳಿದಾಗ ಹೂ ಮಾರುವ ಹೆಂಗಸೊಬ್ಬಳು, ಹೊಳೆ ದಾಟಿ ಎಡಕ್ಕೆ ತಿರುಗಬೇಕೆಂದಳು. ಬರುವ ವರ್ಷವಾದರೆ ದಾಟುವ ಕೆಲಸ ಇರುತ್ತದೋ ಇಲ್ಲವೋ ತನಗೆ ಗೊತ್ತಿಲ್ಲವೆಂದೂ ಸೇರಿಸಿದಳು. ಅವಳ ಮಾತು ನನಗೆ ಆಗ ಅರ್ಥವಾಗಲಿಲ್ಲ. ಹರಿಗೋಲಿನಲ್ಲಿ ಕೂತು ಹೋಗುವಾಗ ಓಣಿಯ ಎರಡೂ ಬದಿಯ ಮನೆಗಳನ್ನು ನೋಡಿದೆ. ಒಂದಕ್ಕೂ ಬಾಗಿಲಿರಲಿಲ್ಲ. ನೀರು ಪಡಸಾಲೆಯಲ್ಲಿ ಒಳಹೊಕ್ಕು ಹಿತ್ತಿಲಿನಿಂದ ಹೊರಬೀಳುತ್ತಿತ್ತು. ಗೋಡೆಯ ಗೂಡುಗಳಲ್ಲಿ ಕೊಕ್ಕರೆಗಳು ಕೂತಿದ್ದವು.

ಪ್ರತಿ ವರ್ಷ ಜೂನಿನಲ್ಲಿ ಮೃಗಶಿರಾ ಮಳೆ, ಅಲ್ಲಿಯವರ ಮಿರಗ, ಹಿಡಿದ ಮೇಲೆ ಹೊಳೆ ಇದ್ದ ಓಣಿಯನ್ನು ಬಿಟ್ಟು ಇನ್ನೊಂದು ಓಣಿಗೆ ಹೋಗುತ್ತಿತ್ತು. ಊರಿನವರಿಗೆ ಅದರಲ್ಲಿ ಸೋಜಿಗವೇನೂ ಇರಲಿಲ್ಲ. ಹೊಳೆ ಬಂದ ಓಣಿಯವರು ಹೊಳೆ ಬಿಟ್ಟ ಓಣಿಗೆ ಹೋಗಿ ಇರಬೇಕು ಎನ್ನುವುದು ಅಲ್ಲಿಯ ಪದ್ಧತಿ. ಹೀಗಾಗಿ ಅಕ್ಕಸಾಲಿಗರ ಓಣಿಯಲ್ಲಿ ಅಕ್ಕಸಾಲಿಗರು ಇರುತ್ತಿರಲಿಲ್ಲ, ಗಾಣದ ಓಣಿಯಲ್ಲಿ ಗಾಣವೂ ಇರುತ್ತಿರಲಿಲ್ಲ. ಹೊಳೆ ಬಿಟ್ಟ ಓಣಿಯ ಹಸಿ ಮಣ್ಣಿನಲ್ಲಿ ಮೊದಲ ತಿಂಗಳೇ ಸೌತೆಬೀಜ ಹಾಕುತ್ತಿದ್ದರು. ಟಪಾಲಿನವನ ಬಳಿ ಸೈಕಲ್ಲೂ ಇತ್ತು, ಹುಟ್ಟೂ ಇತ್ತು. ಕನ್ಯೆ ಕೊಡಲು ಬಂದವರು ಮನೆಯಲ್ಲಿ ಎಮ್ಮೆ ಎಷ್ಟಿವೆ ಎಂದು ಕೇಳುವ ಮೊದಲು ಬಾಗಿಲುಗಳು ಸಲೀಸಾಗಿ ಕಳಚಿಬರುತ್ತವೆಯೇ ಎಂದು ನೋಡುತ್ತಿದ್ದರು. ಬಾಗಿಲು ಕಳಚಿಟ್ಟ ಮನೆಯನ್ನು ನೀರು ಸುಮ್ಮನೆ ಹಾದುಹೋಗುತ್ತದೆ. ಮುಚ್ಚಿದ ಮನೆಯನ್ನು ಒಡೆಯುತ್ತದೆ. ಆದ್ದರಿಂದ ಹೊಳೆ ಯಾವ ಓಣಿಗೆ ಬರುತ್ತದೆ ಎಂಬುದು ಮೊದಲೇ ಗೊತ್ತಿರುವುದು ಮುಖ್ಯವಾಗಿತ್ತು. ಅದನ್ನು ಹೇಳುವವರು ಮುರಿಗೆಪ್ಪಜ್ಜ. ಬೇಸಿಗೆಯ ಕೊನೆಗೆ ಅವರು ಓಣಿ ಓಣಿಗೆ ಹೋಗಿ ನೆಲಕ್ಕೆ ಕಿವಿ ಹಚ್ಚಿ ಮಲಗುತ್ತಿದ್ದರು. ಆಮೇಲೆ ಒಂದು ದಿನ ಚಾವಡಿಯ ಕಟ್ಟೆಯ ಮೇಲೆ ನಿಂತು ಓಣಿಯ ಹೆಸರು ಹೇಳುತ್ತಿದ್ದರು. ಡಂಗುರ ಹೊಡೆಯುತ್ತಿದ್ದರು. ಆ ಓಣಿ ಖಾಲಿಯಾಗುತ್ತಿತ್ತು.

ಶಾಲೆಯಲ್ಲಿ ಗ್ರಂಥಾಲಯವೆಂದರೆ ಮುರಿದ ಬೆಂಚುಗಳನ್ನು ಒಟ್ಟಿದ್ದ ಒಂದು ಕೋಣೆ ಮತ್ತು ಬೀಗ ಹಾಕಿದ ಕೆಲವು ಕಪಾಟುಗಳು. ಬೀಗದ ಕೈ ಹೆಡ್ಮಾಸ್ತರ್ ಬೆಂಡಿಗೇರಿ ಸರ್ ಅವರ ಜೇಬಿನಲ್ಲಿತ್ತು. ಅವರು ಕೆಟ್ಟವರಲ್ಲ. ಕೊಟ್ಟ ಪುಸ್ತಕ ಕಳೆದರೆ ತನ್ನ ತಲೆಗೆ ಬರುತ್ತದೆ ಎಂಬ ಹೆದರಿಕೆಯಲ್ಲಿ ಇಡೀ ನೌಕರಿ ಕಳೆದವರು. ಬೀಗದ ಕೈ ನನ್ನ ಅಂಗೈಗೆ ಇಡುವಾಗ, ಪುಸ್ತಕಗಳು ಕಪಾಟಿನಲ್ಲಿದ್ದಷ್ಟು ಹೊತ್ತು ಯಾರ ಜೀವಕ್ಕೂ ತ್ರಾಸಿಲ್ಲ ಎಂದು ನಿಜವಾದ ಕಾಳಜಿಯಿಂದಲೇ ಹೇಳಿದರು. ನಾನು ಬೆಂಚುಗಳಲ್ಲಿ ಗಟ್ಟಿ ಇದ್ದವನ್ನು ಆರಿಸಿ ಬಡಿಗನನ್ನು ಕರೆಸಿ ಒಂದು ಉದ್ದನೆಯ ಮೇಜು ಮಾಡಿಸಿದೆ. ಕಪಾಟುಗಳ ಬಾಗಿಲು ಕಳಚಿಸಿದೆ. ಆ ಊರಿನಲ್ಲಿ ಅದನ್ನು ಹೇಳಿದ ಕೂಡಲೇ ಮಾಡಿಕೊಡುವವರಿದ್ದರು.

ದಸರೆಯ ರಜೆ ಮುಗಿದ ಮೇಲೆ ಒಂಬತ್ತನೆಯ ತರಗತಿಗೆ ‘ನಮ್ಮ ಊರಿನ ಹೊಳೆ’ ಎಂಬ ಪ್ರಾಜೆಕ್ಟ್ ಬಂತು. ಮಕ್ಕಳೆಲ್ಲ ಬರೆದು ತಂದರು. ಎಲ್ಲರದೂ ಒಂದೇ ಗೈಡಿನ ಒಂದೇ ಪುಟ. ನದಿಗಳು ಪರ್ವತಗಳಲ್ಲಿ ಹುಟ್ಟಿ ಬಯಲಿನಲ್ಲಿ ಹರಿದು ಸಮುದ್ರ ಸೇರುತ್ತವೆ ಎಂದು ಸಾಲಾಗಿ ಬರೆದಿದ್ದರು. ಇದರಲ್ಲಿ ನಿಮ್ಮ ಹೊಳೆ ಎಲ್ಲಿದೆ ಎಂದು ಕೇಳಿದೆ. ಮಕ್ಕಳು ತಮ್ಮ ಹಾಳೆಗಳನ್ನು ತಿರುವಿ ಹಾಕಿದರು. ಹಾಗಾದರೆ ನಿಮ್ಮ ಹೊಳೆಯ ಬಗ್ಗೆ ನಿಮಗೆ ಗೊತ್ತಿಲ್ಲದ್ದನ್ನು ಒಂದೊಂದು ಚೀಟಿಯಲ್ಲಿ ಬರೆಯಿರಿ, ಹೆಸರು ಬೇಡ ಎಂದೆ. ಹೆಚ್ಚಿನವರು ಹೊಳೆ ಯಾಕೆ ತಿರುಗಾಡುತ್ತದೆ ಎಂದು ಬರೆದಿದ್ದರು. ಎರಡು ಚೀಟಿಗಳು ಬೇರೆ ಇದ್ದವು. ಒಂದರಲ್ಲಿ, ಅಜ್ಜ ಹೇಳಿದ್ದು ಕೆಲವು ವರ್ಷ ಯಾಕೆ ತಪ್ಪುತ್ತದೆ ಎಂದಿತ್ತು. ಇನ್ನೊಂದರಲ್ಲಿ, ನಮ್ಮ ಓಣಿಗೆ ಬರುತ್ತದೆ ಎಂದು ಯಾಕೆ ಯಾರೂ ಹೇಳಲಿಲ್ಲ ಎಂದಿತ್ತು.

ಹೆಸರಿಲ್ಲದಿದ್ದರೂ ಅಕ್ಷರದಿಂದ ಗುರುತು ಸಿಕ್ಕಿತು, ಮೊದಲನೆಯದು ಮುರಿಗೆಪ್ಪಜ್ಜನ ಮೊಮ್ಮಗಳು ಸುಗಲಾ ಬರೆದದ್ದು. ಎರಡನೆಯದು ಹರಿಗೋಲು ಹೆಣೆಯುವ ಮನೆಯ ಮಾಬೂಬಿಯದು. ಒಂದೇ ತರಗತಿಯ ಆ ಇಬ್ಬರು ಹುಡುಗಿಯರು ಪರಸ್ಪರ ಮಾತು ಬಿಟ್ಟಿದ್ದಾರೆ ಎಂದು ಉಳಿದ ಮಕ್ಕಳು ನನಗೆ ಹೇಳಿದರು. ನಾನು ಆ ಊರಿಗೆ ಬರುವ ಮುಂಚಿನ ಮಾತು. ಒಂದು ವರ್ಷ ಅಜ್ಜ ಹತ್ತಿ ಪೇಟೆ ಎಂದು ಹೇಳಿದ್ದರು. ಹತ್ತಿ ಪೇಟೆಯವರು ಬಾಗಿಲು ಕಳಚಿ ಕಾಯುತ್ತಿದ್ದಾಗ ನಸುಕಿನಲ್ಲಿ ಹೊಳೆ ಹರಿಗೋಲಿನವರ ಓಣಿಗೆ ಬಂತು. ಮಾಬೂಬಿಯ ದಾದಿ, ಎಂದರೆ ಅಪ್ಪನ ತಾಯಿ, ಹಾಸಿಗೆ ಹಿಡಿದಿದ್ದರು. ಅವರನ್ನು ಕದದ ಹಲಗೆಯ ಮೇಲೆ ಮಲಗಿಸಿ ಎದೆಮಟ್ಟದ ನೀರಿನಲ್ಲಿ ಹೊತ್ತು ತಂದರು. ಆ ಚಳಿ ಅವರ ಎದೆಯಿಂದ ಇಳಿಯಲಿಲ್ಲ. ದೀಪಾವಳಿಯ ಹೊತ್ತಿಗೆ ತೀರಿಕೊಂಡರು.

ನಾನು ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಮಾತಾಡಲಿಲ್ಲ. ಎರಡೂ ಪ್ರಶ್ನೆಗಳಿಗೆ ಬೇಕಾದದ್ದು ಒಂದೇ ಮೇಜಿನ ಮೇಲೆ ಇದೆ ಎಂದಷ್ಟೇ ಹೇಳಿದೆ. ಹೊಳೆ ಯಾಕೆ ಹೋಗುತ್ತದೆ ಎಂಬುದು ಬಹಳ ದೊಡ್ಡದು. ಎಲ್ಲಿಗೆ ಹೋಗುತ್ತದೆ ಎಂಬುದೂ ದೊಡ್ಡದೇ. ಈವರೆಗೆ ಎಲ್ಲೆಲ್ಲಿ ಹೋಗಿತ್ತು ಎಂಬುದನ್ನು ಮಾತ್ರ ನಾವು ಹುಡುಕಬಹುದು. ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಅಂಟಿಸಿ ಊರಿನ ನಕ್ಷೆ ಬರೆದು ಗೋಡೆಗೆ ಹಾಕಿದೆವು. ಶಾಲೆಯ ಹಳೆಯ ವಾರ್ಷಿಕ ಸಂಚಿಕೆಗಳು ಕಪಾಟಿನ ತಳದಲ್ಲಿದ್ದವು. ಅವುಗಳ ಫೋಟೋಗಳಲ್ಲಿ ಹಿಂದೆ ಎಲ್ಲೋ ನೀರು ಕಾಣುತ್ತಿತ್ತು. ಮಕ್ಕಳು ಮನೆಯಿಂದ ಲಗ್ನಪತ್ರಿಕೆಗಳನ್ನು ತಂದರು. ಅವುಗಳಲ್ಲಿ ‘ಹೊಳೆಯ ಆಚೆ’, ‘ಹೊಳೆಗೆ ಹತ್ತಿದ ಮನೆ’ ಎಂದು ವಿಳಾಸವಿರುತ್ತಿತ್ತು. ಮುದುಕಿಯರು ಹೆರಿಗೆಯ ಲೆಕ್ಕದಲ್ಲಿ ನೆನಪಿಟ್ಟಿದ್ದರು. ಹಿರಿಯ ಮಗ ಹುಟ್ಟಿದಾಗ ಹೊಳೆ ಹಿತ್ತಿಲಲ್ಲಿತ್ತು, ಬಾಣಂತಿಯ ಬಟ್ಟೆ ಅಲ್ಲೇ ಒಗೆದಿದ್ದೆವು ಎನ್ನುವರು. ಅದೇ ವರ್ಷಕ್ಕೆ ಪಕ್ಕದ ಮನೆಯವರು ಬೇರೆ ಓಣಿ ಹೇಳುವರು. ಮಕ್ಕಳು ಬೇಸತ್ತು, ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಬಂದು ಕೇಳಿದರು. ಯಾರೂ ಸುಳ್ಳು ಹೇಳುತ್ತಿಲ್ಲ, ಇನ್ನೊಂದು ಕಡೆಯಿಂದಲೂ ಅದೇ ತಿಳಿದರೆ ಮಸಿಯಲ್ಲಿ ಬರೆಯೋಣ, ಅಲ್ಲಿಯವರೆಗೆ ಸೀಸದ ಕಡ್ಡಿಯಲ್ಲಿ ಇರಲಿ ಎಂದೆ. ಗೋಡೆಯ ನಕ್ಷೆಯಲ್ಲಿ ಬಹಳ ದಿನ ಸೀಸದ ಕಡ್ಡಿಯ ಗೆರೆಗಳೇ ತುಂಬಿದ್ದವು.

ಮೊದಮೊದಲು ಸುಗಲಾ ಮೇಜಿನ ಒಂದು ತುದಿಗೆ, ಮಾಬೂಬಿ ಇನ್ನೊಂದು ತುದಿಗೆ ಕೂರುತ್ತಿದ್ದರು. ಒಬ್ಬಳಿಗೆ ಬೇಕಾದ ಸಂಚಿಕೆ ಇನ್ನೊಬ್ಬಳ ಕೈಯಲ್ಲಿದ್ದರೆ ನನ್ನ ಮೂಲಕ ಕೇಳುತ್ತಿದ್ದರು. ನಾನು ಕಿವಿ ಕೇಳಿಸದವಳಂತೆ ಇದ್ದುಬಿಡುತ್ತಿದ್ದೆ. ಕೊನೆಗೊಂದು ದಿನ ಮಾಬೂಬಿ ಸಂಚಿಕೆಯನ್ನು ಮೇಜಿನ ಮೇಲೆ ಸರಿಸಿದಳು. ಅದು ಜಾರಿಕೊಂಡು ಸುಗಲಾಳ ಮೊಣಕೈಗೆ ತಾಗಿ ನಿಂತಿತು. ಅಷ್ಟರಿಂದ ಶುರುವಾಯಿತು.

ಸಂಕ್ರಾಂತಿಯ ಹೊತ್ತಿಗೆ ನಕ್ಷೆಯಲ್ಲಿ ಮಸಿಯ ಗೆರೆಗಳು ಹೆಚ್ಚಾದವು. ಹೊಳೆ ಸರದಿಯಂತೆ ಓಣಿಗಳನ್ನು ಸುತ್ತುತ್ತದೆ ಎಂದು ಒಂದು ಗುಂಪು ಹೇಳಿತು. ಎಲ್ಲರೂ ಖುಷಿಪಟ್ಟರು. ಬೆಲ್ಲದ ಪೇಟೆಯ ವರ್ಷಗಳು ಆ ಸರದಿಗೆ ಕೂಡುವುದಿಲ್ಲವೆಂದು ಎರಡೇ ದಿನದಲ್ಲಿ ಗೊತ್ತಾಯಿತು. ಕೆಲವರು ಬೆಲ್ಲದ ಪೇಟೆಯನ್ನೇ ಬಿಟ್ಟುಬಿಡೋಣ ಎಂದರು. ಬಿಡಲಾಗುವುದಿಲ್ಲ ಎಂದು ಹೇಳಿದವಳು ನಾನಲ್ಲ, ಮಾಬೂಬಿ. ಕೂಡದೆ ಇರುವ ಓಣಿಯಲ್ಲೇ ಜನ ಸಿಕ್ಕಿಬೀಳುತ್ತಾರೆ ಎಂದಳು. ಆಮೇಲೆ ತನ್ನ ದಾದಿಯ ಒಂದು ಮಾತನ್ನು ಹೇಳಿದಳು. ಹೊಳೆ ಬರುವುದಕ್ಕೆ ಬಹಳ ಮೊದಲೇ ಅವರು ಬಾವಿಯ ನೀರು ಕುಡಿಯುವುದನ್ನು ಬಿಟ್ಟಿದ್ದರಂತೆ. ಇದು ನಮ್ಮ ಬಾವಿಯ ನೀರಲ್ಲ, ಹೊಳೆಯದು ಎಂದು ಲೋಟವನ್ನು ದೂರ ತಳ್ಳುತ್ತಿದ್ದರಂತೆ. ಜಡ್ಡಿನ ನಾಲಿಗೆ ಎಂದು ಮನೆಯವರು ಸುಮ್ಮನಾಗಿದ್ದರು.

ಒಬ್ಬರ ಮಾತು ಸೀಸದ ಕಡ್ಡಿಯಲ್ಲೇ ಇರಬೇಕು ಎಂದು ಅವಳೇ ಹೇಳಿದಳು. ಹಾಗಾಗಿ ಹಿಂದೆ ಹೊಳೆ ಬಂದಿದ್ದ ಓಣಿಗಳವರನ್ನು ಹುಡುಕಿಕೊಂಡು ಹೊರಟರು. ನೀರಿನ ರುಚಿ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಆದರೆ ಗಾಣದ ಓಣಿಯ ಒಬ್ಬ ತಾಯಿ, ಆ ಬೇಸಿಗೆ ತೊಗರಿಬೇಳೆ ಬೇಗ ಬೇಯುತ್ತಿತ್ತು, ಒಲೆಗೆ ಕಟ್ಟಿಗೆ ಉಳಿಯುತ್ತಿತ್ತು ಎಂದಳು. ಇನ್ನೊಂದು ಓಣಿಯವರೂ ಬೇಳೆಯ ಮಾತನ್ನೇ ಹೇಳಿದರು. ಮಕ್ಕಳು ಓಡುತ್ತ ಗ್ರಂಥಾಲಯಕ್ಕೆ ಬಂದು, ಬೇಳೆ ಬೇಗ ಬೇಯುವ ನೀರಿನ ಬಗ್ಗೆ ಪುಸ್ತಕ ಇದೆಯೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಎಲ್ಲರೂ ಸೇರಿ ಹುಡುಕಿದೆವು. ವಿಜ್ಞಾನದ ಸಾಲಿನಲ್ಲಿ, ಪುಟಗಳೇ ಕತ್ತರಿಸದೆ ಅಂಟಿಕೊಂಡಿದ್ದ ಒಂದು ಹಳೆಯ ಪುಸ್ತಕದಲ್ಲಿ ಗಡಸು ನೀರು, ಮೆದು ನೀರು ಎಂಬ ಪಾಠ ಸಿಕ್ಕಿತು. ಗಡಸು ನೀರಿನಲ್ಲಿ ಬೇಳೆ ಬೇಯುವುದು ತಡ, ಸಾಬೂನು ನೊರೆ ಬಿಡುವುದೂ ಕಡಿಮೆ ಎಂದಿತ್ತು. ನಮ್ಮ ಊರಿನ ಬಾವಿಗಳೆಲ್ಲ ಗಡಸು. ಹೊಳೆಯ ನೀರು ಮೆದು. ಹೊಳೆ ಬರಲಿರುವ ಓಣಿಯ ಬಾವಿಗೆ ಅದು ನೆಲದೊಳಗಿಂದ ಮೊದಲೇ ಸೇರುತ್ತಿರಬೇಕು.

ಅಂದಿನಿಂದ ಪ್ರತಿ ಶನಿವಾರ ಮಕ್ಕಳು ತಮ್ಮ ತಮ್ಮ ಓಣಿಯ ಬಾವಿಯ ನೀರನ್ನು ಬಾಟಲಿಯಲ್ಲಿ ತಂದು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು. ಎಲ್ಲದಕ್ಕೂ ಒಂದೇ ಅಳತೆಯ ಸಾಬೂನಿನ ಚೂರು ಹಾಕಿ, ಒಂದೇ ಸಮನೆ ಅಲ್ಲಾಡಿಸಿ, ನೊರೆ ಎಲ್ಲಿಯವರೆಗೆ ಏರಿತು ಎಂದು ಗೆರೆ ಎಳೆಯುತ್ತಿದ್ದರು. ಬೆಂಡಿಗೇರಿ ಸರ್ ಒಂದು ಸಲ ಬಾಗಿಲಲ್ಲಿ ನಿಂತು, ಇದು ಗ್ರಂಥಾಲಯವೋ ಅಗಸರ ಕಟ್ಟೆಯೋ ಎಂದು ಕೇಳಿದರು. ನೆಲ ಒದ್ದೆಯಾಗಿತ್ತು, ಪುಸ್ತಕಗಳ ಹತ್ತಿರ ನೀರು ಬಂದರೆ ಗತಿಯೇನು ಎಂದು ಅವರ ಚಿಂತೆ. ಒಬ್ಬ ಹುಡುಗ ಅವರಿಗೆ ನಕ್ಷೆ ತೋರಿಸಿ ವಿವರಿಸತೊಡಗಿದ. ಸರ್ ನಿಂತುಕೊಂಡೇ ಕೇಳಿದರು. ಹೋಗುವಾಗ ತಮ್ಮ ಮನೆಯ ಬಾವಿ ನಕ್ಷೆಯಲ್ಲಿ ತಪ್ಪು ಮೂಲೆಗೆ ಬಿದ್ದಿದೆ ಎಂದು ಹೇಳಿ ತಿದ್ದಿಸಿದರು.

ಬೇಸಿಗೆ ಏರುತ್ತಿದ್ದಾಗ ಸುಗಲಾ ಒಂದು ಮಧ್ಯಾಹ್ನ ನಕ್ಷೆಯ ಎದುರು ಬಹಳ ಹೊತ್ತು ನಿಂತಿದ್ದಳು. ಅಜ್ಜ ಹೇಳಿದ ಓಣಿಯನ್ನೂ ಹೊಳೆ ಬಂದ ಓಣಿಯನ್ನೂ ಅವಳು ವರ್ಷ ವರ್ಷಕ್ಕೆ ಹೊಂದಿಸಿ ನೋಡಿದ್ದಳು. ಅವಳ ಅವ್ವ ಮದುವೆಯಾಗಿ ಬಂದ ಕಾಲದಲ್ಲಿ, ಅವಳು ಹುಟ್ಟಿದ ಕಾಲದಲ್ಲಿ ಅಜ್ಜ ಹೇಳಿದ್ದು ತಪ್ಪಿದ್ದೇ ಅಪರೂಪ. ತಪ್ಪಿದ್ದೆಲ್ಲ ಈಚಿನ ವರ್ಷಗಳಲ್ಲಿ, ಒಂದರ ಬೆನ್ನಿಗೆ ಒಂದು. ಅವಳು ತಿರುಗಿದಾಗ ಕಣ್ಣು ತುಂಬಿತ್ತು.

"ಅಕ್ಕೋರ, ಮನ್ಯಾಗ ಅಜ್ಜಗ ಎರಡೆರಡು ಸಲ ಕೂಗಬೇಕಾಗ್ತೈತ್ರಿ. ಊಟಕ್ಕ ಕರದ್ರೂ ಬರಂಗಿಲ್ಲ. ಸಿಟ್ಟಿನ ಮನಷ್ಯಾ ಅಂತ ನಾವು ಅಂದ್ಕೊಂಡಿದ್ವಿ," ಎಂದಳು.

ಅದಕ್ಕಿಂತ ಹೆಚ್ಚು ಅವಳು ಹೇಳಬೇಕಾಗಿರಲಿಲ್ಲ. ಮೇಜಿನ ಆ ಬದಿಯಲ್ಲಿ ಮಾಬೂಬಿ ಕೂತಿದ್ದಳು. ಅವಳಿಗೂ ತಿಳಿಯಿತು. ಇಷ್ಟು ದಿನ ಒಬ್ಬ ಹಟಮಾರಿ ಮುದುಕನ ಮೇಲೆ ಸಿಟ್ಟಾಗಿದ್ದವಳಿಗೆ, ಆ ಸಿಟ್ಟನ್ನು ಈಗ ಎಲ್ಲಿಡಬೇಕೋ ತಿಳಿಯಲಿಲ್ಲವೆಂದು ಕಾಣುತ್ತದೆ. ಎದ್ದು ಹೊರಗೆ ಹೋದಳು. ನಾನು ತಡೆಯಲಿಲ್ಲ. ಸುಗಲಾ, ಇದನ್ನು ಅಳಿಸಿಬಿಡಲೇ ಎಂದು ಕೇಳಿದಳು. ಅಳಿಸುವುದು ನಿನ್ನ ಕೈಯಲ್ಲಿದೆ, ಆದರೆ ಅಳಿಸಿದ ಮೇಲೂ ನಿನಗೆ ಗೊತ್ತೇ ಇರುತ್ತದೆ ಎಂದೆ. ಊರಿಗೆ ಹೇಳುವ ಮೊದಲು ಅಜ್ಜನಿಗೆ ಹೇಳಬೇಕು, ಅದೂ ನಾಲ್ಕು ಜನರ ಎದುರಿಗಲ್ಲ ಎಂದೂ ಹೇಳಿದೆ. ಬರುತ್ತೀರಾ ಎಂದು ಕೇಳಿದಳು. ಹೋದೆ.

ಮುರಿಗೆಪ್ಪಜ್ಜ ಅಂಗಳದ ಬೇವಿನ ನೆರಳಿನಲ್ಲಿ ಹಗ್ಗ ಹೊಸೆಯುತ್ತಿದ್ದರು. ಉದ್ದನೆಯ ಮೈಕಟ್ಟು, ಎಡಗೆನ್ನೆಯ ಮೇಲೆ ನೆಲಕ್ಕೆ ಮಲಗಿ ಮಲಗಿ ಕಪ್ಪಾದ ಕಲೆ. ಸುಗಲಾ ಅವರ ಹತ್ತಿರ ಕೂತು ಎಲ್ಲವನ್ನೂ ಹೇಳಿದಳು. ಸಂಚಿಕೆಗಳು, ಲಗ್ನಪತ್ರಿಕೆಗಳು, ಸೀಸದ ಕಡ್ಡಿಯ ಗೆರೆ, ಮಸಿಯ ಗೆರೆ. ಕೊನೆಗೆ ಈಚಿನ ವರ್ಷಗಳ ಮಾತು. ಅಜ್ಜ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ ಎಂದು ನನಗೆ ಅನುಮಾನವಾಯಿತು. ಆಮೇಲೆ ಅವರು ಹೇಳಿದರು:

"ಎಡಗಿವಿ ಹೋಗಿ ಭಾಳ ವರ್ಷ ಆತು. ಬಲಗಿವಿ ಈಗ ಹೊಂಟೈತಿ. ನಂಗ ಗೊತ್ತಿಲ್ಲ ಅಂದ್ಕೊಂಡೀಯೇನವ್ವ? ಯಾರಿಗೆ ಹೇಳಲಿ? ನೆಲಕ್ಕ ಕಿವಿ ಹಚ್ಚವರು ಈ ಊರಾಗ ನನ್ನ ಬಿಟ್ರ ಯಾರೂ ಇಲ್ಲ. ನಾ ಕಿವುಡ ಆಗೀನಿ ಅಂದ್ರ ಊರು ಹೆದರತೈತಿ. ಅದಕ್ಕ ಅಂದಾಜಿನ ಮ್ಯಾಲೆ ಹೇಳ್ಕೋತ ಬಂದೆ."

ಸುಗಲಾ ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಜ್ಜ ಈ ವರ್ಷ ಯಾವ ಓಣಿಯ ಹೆಸರನ್ನೂ ಹೇಳುವುದಿಲ್ಲವಂತೆ ಎಂಬ ಸುದ್ದಿ ಹಬ್ಬಿತು. ಊರಿನಲ್ಲಿ ಜನ ಸುಮ್ಮಸುಮ್ಮನೆ ತಮ್ಮ ಮನೆಯ ಬಾಗಿಲ ಕೀಲುಗಳಿಗೆ ಎಣ್ಣೆ ಬಿಡತೊಡಗಿದರು. ನಾನು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅಜ್ಜ ಒಂದು ಶನಿವಾರ ಗ್ರಂಥಾಲಯದ ಬಾಗಿಲಿಗೆ ಬಂದರು. ಸುಗಲಾ ಅವರ ಕೈ ಹಿಡಿದಿದ್ದಳು. ಮಕ್ಕಳೆಲ್ಲ ಬಾಟಲಿ ಅಲ್ಲಾಡಿಸುವುದನ್ನು ಬಿಟ್ಟು ಎದ್ದು ನಿಂತರು. ಅಜ್ಜ ಯಾರನ್ನೂ ನೋಡದೆ, ಹರಿಗೋಲಿನವರ ಹುಡುಗಿ ಯಾರು ಎಂದು ಕೇಳಿದರು. ಮಾಬೂಬಿ ಇದ್ದಲ್ಲೇ ಕೈ ಎತ್ತಿದಳು. ಅವರು ಹೋಗಿ ಅವಳ ಎದುರಿನ ಬೆಂಚಿನ ಮೇಲೆ ಕೂತರು.

"ಆ ಸಲ ನನಗ ಏನೂ ಕೇಳಿಸಿರಲಿಲ್ಲವ್ವ," ಎಂದರು. "ಹತ್ತಿ ಪೇಟಿ ಅಂತ ಬಾಯಿಗೆ ಬಂದದ್ದು ಹೇಳಿದೆ. ನಿಮ್ಮ ದಾದಿ ಜೋಡಿ ಸಣ್ಣವ ಇದ್ದಾಗ ಆಡಿದವ ನಾನು. ಮಣ್ಣಿಗೆ ಬಂದಾಗ ದೂರ ನಿಂತಿದ್ದೆ. ಹತ್ತಿರ ಬರಾಕ ಮುಖ ಇರಲಿಲ್ಲ."

ಮಾಬೂಬಿ ಮುಂದಿದ್ದ ಬಾಟಲಿಯನ್ನು ಅತ್ತಿತ್ತ ತಿರುಗಿಸುತ್ತ ಕೂತಿದ್ದಳು. ಇರಲಿ ಬಿಡಿ ಎಂದು ಅವಳು ಹೇಳಲಿಲ್ಲ. ನಾನೂ ಅವಳಿಂದ ಅದನ್ನು ಬಯಸಲಿಲ್ಲ. ಕೊನೆಗೆ ಎದ್ದು ಮೇಜನ್ನು ಸುತ್ತಿ ಬಂದು ಅವರ ಪಕ್ಕದಲ್ಲಿ ನಿಂತಳು.

"ಯಾವ ಕಿವಿಗೆ ಮಾತಾಡಬೇಕ್ರಿ ಅಜ್ಜಾ?"

"ಬಲಗಿವಿಗೆ."

"ನೆಲದಾಗ ಏನು ಕೇಳಸ್ತೈತಿ ಅಂತ ನಮಗ ಹೇಳಿಕೊಡ್ರಿ. ನಮ್ಮ ಕಿವಿ ಸರಿ ಅದಾವು."

ಆ ವಾರದಿಂದ ಅಜ್ಜ ಮತ್ತು ಮಕ್ಕಳು ಸಂಜೆಯ ಹೊತ್ತು ಓಣಿ ಓಣಿ ತಿರುಗಿದರು. ಅಜ್ಜ ಮಲಗಬೇಕಾದ ಜಾಗ ತೋರಿಸುವರು. ಮಕ್ಕಳು ಕಿವಿ ಹಚ್ಚುವರು. ಮೊದಲಿಗೆ ಅವರಿಗೆ ತಮ್ಮ ಎದೆಬಡಿತವೇ ಕೇಳಿಸುತ್ತಿತ್ತು. ಎಲ್ಲರಿಗೂ ಮೊದಲು ಕೇಳಿಸುವುದು ಅದೇ, ಅದು ಸುಮ್ಮನಾಗುವವರೆಗೆ ಕಾಯಬೇಕು ಎಂದು ಅಜ್ಜ ಹೇಳಿಕೊಟ್ಟರು. ಆಮೇಲೆ ಬರುವ ಸದ್ದು ಕೇರುವ ಮೊರದಲ್ಲಿ ಜೋಳ ಸರಿದಂತೆ ಇರುತ್ತದೆ ಎಂದರು. ಹೋಗಿ ಬಂದವರೆಲ್ಲ ಅದನ್ನು ಗ್ರಂಥಾಲಯದ ಮೇಜಿನ ಬಳಿ ಕೂತು ಬರೆಯುತ್ತಿದ್ದರು. ಯಾರಿಗೆ, ಎಲ್ಲಿ, ಎಷ್ಟು ಸ್ಪಷ್ಟವಾಗಿ ಕೇಳಿಸಿತು ಎಂದು. ಇಬ್ಬರು ಬೇರೆ ಬೇರೆ ಹೋಗಿ ಒಂದೇ ಕಡೆ ಕೇಳಿಸಿಕೊಂಡರೆ ಮಾತ್ರ ಮಸಿ.

ಬೇಸಿಗೆ ರಜೆಯಲ್ಲೂ ಗ್ರಂಥಾಲಯ ತೆರೆದಿತ್ತು. ಬೆಂಡಿಗೇರಿ ಸರ್ ಅವರೇ ಬಂದು ಮಣ್ಣಿನ ಹರವಿಯಲ್ಲಿ ಕುಡಿಯುವ ನೀರು ಇಡಿಸಿದರು. ಮಿರಗ ಹತ್ತಿರ ಬಂದಾಗ ನೊರೆಯ ಗೆರೆ ಎಲ್ಲಕ್ಕಿಂತ ಮೇಲೆ ಏರಿದ್ದು ನಮ್ಮ ಸಾಲಿ ಓಣಿಯ ಬಾವಿಯಲ್ಲಿ, ಎಂದರೆ ಶಾಲೆ ಇರುವ ಓಣಿಯಲ್ಲೇ. ಅದರ ಹಿಂದೆ ಬೆಲ್ಲದ ಪೇಟೆ. ಕಿವಿಗಳು ಹೇಳಿದ್ದೂ ಈ ಎರಡೇ. ಯಾವುದು ಎಂದು ಒಂದನ್ನೇ ಹೇಳಲು ಮಕ್ಕಳಿಗೆ ಆಗಲಿಲ್ಲ. ಅವರು ಅದಕ್ಕಾಗಿ ಜಗಳವಾಡಿದರು. ಗೊತ್ತಾದಷ್ಟನ್ನು ಹೇಳೋಣ, ಗೊತ್ತಾಗದ್ದನ್ನೂ ಹೇಳೋಣ ಎಂದು ಸುಗಲಾ ಹಟ ಹಿಡಿದಳು. ಮನೆಯಲ್ಲಿ ಅಂದಾಜಿನ ಮಾತಿನ ಭಾರ ಎಷ್ಟೆಂದು ಕಂಡವಳು ಅವಳು.

ಚಾವಡಿಯ ಮುಂದೆ ಊರು ಸೇರಿತು. ಅಜ್ಜ ಕಟ್ಟೆ ಹತ್ತಿ, ತನ್ನ ಕಿವಿ ಹೋಗಿದೆ ಎಂಬುದನ್ನು ಮೊದಲು ಹೇಳಿದರು. ಈ ಸಲ ಹೇಳುವವರು ಶಾಲೆಯ ಮಕ್ಕಳು, ತಾನು ಅವರ ಜೊತೆಗಿದ್ದೇನೆ ಎಂದರು. ಮಾಬೂಬಿ ನಕ್ಷೆಯನ್ನು ಬಿಚ್ಚಿ ಹಿಡಿದಳು. ಸುಗಲಾ ಎರಡು ಓಣಿಗಳ ಹೆಸರು ಹೇಳಿ, ಹೇಗೆ ತಿಳಿಯಿತೆಂದು ವಿವರಿಸಿದಳು. ಜನ ಗೊಣಗಿದರು. ಎರಡು ಓಣಿ ಖಾಲಿ ಮಾಡಬೇಕೆಂದರೆ ಎರಡು ಪಟ್ಟು ಸಾಮಾನು, ಎರಡು ಪಟ್ಟು ಬಾಗಿಲು. ಒಂದನ್ನು ಹೇಳಿದರೆ ಕೇಳುತ್ತೇವೆ, ಎರಡು ಹೇಳುವುದಾದರೆ ಮಕ್ಕಳಾಟ ಎಂದು ಪುರಸಭೆಯ ಅಧ್ಯಕ್ಷ ಕೊಟ್ರಗೌಡರು ಎದ್ದು ನಿಂತರು. ಬೆಲ್ಲದ ಪೇಟೆಯಲ್ಲಿ ಅವರದೇ ಗೋದಾಮು ಇತ್ತು. ಮಾಬೂಬಿ ನಕ್ಷೆ ಹಿಡಿದ ಕೈ ಇಳಿಸದೆಯೇ ಅವರನ್ನು ಕೇಳಿದಳು:

"ಒಂದು ಹೇಳಿದ ವರ್ಷ ನಮ್ಮ ದಾದಿ ನೀರಾಗ ಇದ್ಳು. ಎರಡು ಹೇಳಿದ್ರ ನಿಮಗ ಬಾಗಲಾ ಹೊರೋದಷ್ಟ ತ್ರಾಸು. ಯಾವುದು ಬೇಕ್ರಿ?"

ಅಷ್ಟು ಹೊತ್ತು ಹಿಂದೆ ನಿಂತಿದ್ದ ಬೆಂಡಿಗೇರಿ ಸರ್ ಜನರ ನಡುವೆ ದಾರಿ ಮಾಡಿಕೊಂಡು ಹೊರಟರು. ಎಲ್ಲಿಗೆ ಎಂದು ಯಾರೋ ಕೇಳಿದರು. ಶಾಲೆಯ ಬಾಗಿಲು ಕಳಚಬೇಕು ಎಂದರು. ನಾವು ಹೋಗುವಷ್ಟರಲ್ಲಿ ಅವರು ಅಂಗಿಯ ತೋಳು ಮಡಚಿ ಗ್ರಂಥಾಲಯದ ಕದದ ಕೀಲು ಎತ್ತುತ್ತಿದ್ದರು. ಅದನ್ನು ನೋಡಿದ ಮೇಲೆ ಬೆಲ್ಲದ ಪೇಟೆಯವರೂ ಮನೆಗೆ ಹೋದರು.

ಪುಸ್ತಕಗಳನ್ನು ಎಲ್ಲಿಡುವುದು ಎಂಬುದೇ ದೊಡ್ಡ ತೊಡಕಾಯಿತು. ಒಂದೇ ಕಡೆ ಇಡಲು ಒಣ ಜಾಗ ಊರಿನಲ್ಲಿರಲಿಲ್ಲ. ಮಕ್ಕಳು ಒಂದೊಂದು ಹೊರೆ ಹೊತ್ತು ಒಂದೊಂದು ಮನೆಗೆ ಕೊಟ್ಟರು. ಮಾಬೂಬಿಯ ಅಪ್ಪ ಹರಿಗೋಲಿನಲ್ಲಿ ಸಾಗಿಸಿದರು. ಬೆಂಡಿಗೇರಿ ಸರ್ ಪ್ರತಿ ಹೊರೆ ಹೋಗುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆದರೆ ಯಾವ ಮನೆಗೆ ಯಾವ ಪುಸ್ತಕ ಎಂದು ಬರೆದುಕೊಳ್ಳಲು ಹೊರಟ ನನ್ನನ್ನು ತಡೆದು, ಮಳೆ ಬರುವ ಮೊದಲು ಪುಸ್ತಕ ದಾಟಲಿ, ಆಮೇಲೆ ನೋಡೋಣ ಎಂದವರೂ ಅವರೇ.

ಮಿರಗದ ಮಳೆ ಹಿಡಿದು ಒಂದು ವಾರದ ಮೇಲೆ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಹೊಳೆ ಎದ್ದಿತು. ಅಕ್ಕಸಾಲಿಗರ ಓಣಿಯಲ್ಲಿ ನೀರು ಮೆಲ್ಲಗೆ ಇಳಿಯಿತು, ಸಾಲಿ ಓಣಿಯ ಬಾವಿ ಉಕ್ಕಿತು. ನಾವು ಗುಡ್ಡದ ಮೇಲಿನ ಮರದ ಕೆಳಗೆ ನಿಂತು ನೋಡಿದೆವು. ನೀರು ಬಾಗಿಲಿಲ್ಲದ ಶಾಲೆಗೆ ಹೊಕ್ಕು, ತರಗತಿಯಿಂದ ತರಗತಿಗೆ ಹಾದು, ಗ್ರಂಥಾಲಯದ ಕಿಟಕಿಯಿಂದ ಹೊರಬಂದಿತು. ಓಣಿಯ ತುದಿಯವರೆಗೆ ಹೋಗಿ ಅಲ್ಲಿ ತಿರುಗಿ, ಅರ್ಧ ಬೆಲ್ಲದ ಪೇಟೆಯನ್ನೂ ಹಿಡಿಯಿತು. ಊರಿನ ನೆನಪಿನಲ್ಲಿ ಹೊಳೆ ಎರಡು ಓಣಿಯಲ್ಲಿ ಬಂದದ್ದು ಅದೇ ಮೊದಲು. ಯಾರ ಕಾಲೂ ನೆನೆಯಲಿಲ್ಲ. ಮುರಿಗೆಪ್ಪಜ್ಜನಿಗೆ ನೀರಿನ ಸದ್ದು ಕೇಳಿಸುತ್ತಿರಲಿಲ್ಲ. ಅವರು ಇಬ್ಬರು ಹುಡುಗಿಯರ ನಡುವೆ ನಿಂತು, ಈಗ ಎಲ್ಲಿಗೆ ಬಂತು, ಈಗ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಮಾಬೂಬಿ ಅವರ ಬಲಗಿವಿಗೆ ಬಾಯಿಟ್ಟು ಹೇಳುತ್ತಿದ್ದಳು.

ನಮ್ಮ ಶಾಲೆ ಅಕ್ಕಸಾಲಿಗರ ಓಣಿಗೆ ಹೋಯಿತು. ಗ್ರಂಥಾಲಯಕ್ಕೆ ಸಿಕ್ಕಿದ್ದು ಗೋಡೆ ತುಂಬ ಗೂಡುಗಳಿದ್ದ ಒಂದು ಹಳೆಯ ಮನೆ. ಮಣ್ಣು ತೊಳೆದು, ಒಲೆ ಹಚ್ಚಿ ಗೋಡೆ ಒಣಗಿಸಿ, ಪುಸ್ತಕಗಳನ್ನು ಮರಳಿ ಕೊಡಿ ಎಂದು ಹೇಳಿಕಳಿಸಿದೆ. ಕೆಲವರು ಅಂದೇ ತಂದರು. ಕೆಲವರು ಇನ್ನೂ ಓದಿ ಮುಗಿಸಿಲ್ಲ ಎಂದರು. ಕೊಟ್ರಗೌಡರ ಮನೆಯಿಂದ ಪುಸ್ತಕ ಬರುವುದು ತಡವಾಯಿತು. ಅವರ ತಾಯಿ ಅದನ್ನು ಮೊಮ್ಮಗಳಿಂದ ಓದಿಸಿ ಕೇಳುತ್ತಿದ್ದರಂತೆ. ಬೆಂಡಿಗೇರಿ ಸರ್ ಅದಕ್ಕೆ ಏನೂ ಅನ್ನಲಿಲ್ಲ. ಹಾಗಾದರೆ ಅದರ ಎರಡನೆಯ ಭಾಗವನ್ನೂ ಕಳಿಸಿ ಎಂದರು.

ಪ್ರಾಜೆಕ್ಟಿನ ಅಂಕಗಳು ಯಾವಾಗಲೋ ಬಂದು ಹೋಗಿದ್ದವು. ಸುಗಲಾ, ಮಾಬೂಬಿ ಈಗ ಹತ್ತನೆಯ ತರಗತಿ. ಪರೀಕ್ಷೆಯ ಓದು ಬಹಳ ಇತ್ತು. ಆದರೂ ಶನಿವಾರ ಮೇಜಿಗೆ ಬಂದು ಕೂರುವುದನ್ನು ಅವರು ಬಿಡಲಿಲ್ಲ. ಈ ಸಲ ಹೊಳೆ ಯಾಕೆ ಎರಡಾಯಿತು ಎಂದು ನಕ್ಷೆಯ ಮುಂದೆ ವಾದ ಮಾಡುತ್ತಿದ್ದರು.

ಅಂಥ ಒಂದು ಶನಿವಾರ ಬಾಗಿಲ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಕಂಕುಳಲ್ಲಿ ಮಗು ಇತ್ತು. ಒಳಗೆ ಬರಬಹುದೋ ಬಾರದೋ ಎಂದು ಹೊಸ್ತಿಲಿನ ಆಚೆಯೇ ಚಪ್ಪಲಿ ಬಿಟ್ಟು ಕಾಯುತ್ತಿದ್ದಳು. ನಾನು ಏಳುವ ಮೊದಲೇ, ಇಲ್ಲಿ ದೊಡ್ಡವರೂ ಏನಾದರೂ ಕೇಳಬಹುದೇ ಎಂದು ಅವಳು ಮೆಲ್ಲಗೆ ಕೇಳಿದಳು. ತಮ್ಮ ಓಣಿಯ ಕೂಸುಗಳಿಗೆ ಕೆಲವು ದಿನದಿಂದ ಮೈಮೇಲೆ ಗುಳ್ಳೆ ಏಳುತ್ತಿವೆ, ಯಾವ ಕೂಸಿಗೂ ಜ್ವರ ಇಲ್ಲ, ಯಾರನ್ನು ಕೇಳಿದರೂ ಒಂದೊಂದು ಹೇಳುತ್ತಾರೆ ಎಂದಳು. ನಾನು ಮೊದಲು ಕೂಸನ್ನು ಡಾಕ್ಟರಿಗೆ ತೋರಿಸಬೇಕೆಂದೆ. ತೋರಿಸಿ ಬಂದಿದ್ದೇನೆ, ಮುಲಾಮು ಕೊಟ್ಟಿದ್ದಾರೆ, ಆದರೆ ಬರಿ ನಮ್ಮ ಓಣಿಗೇ ಯಾಕೆ ಎಂದು ಅವರಿಗೂ ಗೊತ್ತಿಲ್ಲ ಎಂದಳು.

ಮಾಬೂಬಿ ಪರೀಕ್ಷೆಯ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು. ಸುಗಲಾ ಒಂದು ಬೆಂಚನ್ನು ಮೇಜಿನ ಹತ್ತಿರ ಎಳೆದು, ಕೈಯಿಂದ ಅದರ ಧೂಳು ಒರೆಸಿದಳು.

"ಒಳಗ ಬರ್ರಿ ಅಕ್ಕಾ, ಕೂಡ್ರಿ," ಎಂದಳು ಮಾಬೂಬಿ. "ಮೊದಲ ಯಾವ ಮನ್ಯಾಗ ನೋಡಿದ್ರಿ, ಅಲ್ಲಿಂದ ಹೇಳ್ರಿ."

ಹೆಂಗಸು ಒಳಗೆ ಬಂದು, ಮಗುವನ್ನು ಮೇಜಿನ ಮೇಲೆ ಕೂರಿಸಿ ಹೇಳತೊಡಗಿದಳು.